ಸೆಲೆನಿಯಂನ ‘ಸೆಲೆಕ್ಟ್’ ಕ್ಲಾಸ್: ಹಲವು ವರ್ಷ ಬಳಸಿದ ಮೇಲೆ

ವೆಬ್ ಅಪ್ಲಿಕೇಶನ್‌ಗಳ ಟೆಸ್ಟಿಂಗ್ ನನ್ನ ಕೆಲಸ. ಡ್ರಾಪ್‌ಡೌನ್ (ಕ್ಲಿಕ್ ಮಾಡಿದರೆ ತೆರೆದುಕೊಳ್ಳುವ ಆಯ್ಕೆಗಳ ಪಟ್ಟಿ) ಇಲ್ಲದ ಫಾರ್ಮ್ ಅಪರೂಪ. ಅವನ್ನು ನಿಭಾಯಿಸಲು ಹಲವು ವರ್ಷಗಳಿಂದ ನಾನು ನೆಚ್ಚಿಕೊಂಡಿರುವುದು, ಬ್ರೌಸರನ್ನು ಕೋಡ್‌ನಿಂದ ನಡೆಸುವ ಸಾಧನವಾದ ಸೆಲೆನಿಯಂ ವೆಬ್‌ಡ್ರೈವರ್‌ನ ‘ಸೆಲೆಕ್ಟ್’ ಕ್ಲಾಸನ್ನು (ಸಿದ್ಧ ಕೋಡ್ ಘಟಕವನ್ನು). ಕಣ್ಣಿಗೆ ಕಾಣುವ ಪಠ್ಯ, ವ್ಯಾಲ್ಯೂ (ಆಯ್ಕೆಗೆ ಪುಟದ ಕೋಡ್‌ನಲ್ಲಿ ಕೊಟ್ಟ ಬೆಲೆ), ಕ್ರಮಸಂಖ್ಯೆ, ಈ ಮೂರರಲ್ಲಿ ಯಾವುದನ್ನು ಕೊಟ್ಟರೂ ಅದು ಆಯ್ಕೆ ಮಾಡುತ್ತದೆ. ಒಂದು ಸಾಲಿನ ಕೋಡ್ ಸಾಕು.

ಆದರೆ ಟೆಸ್ಟಿನ ಆಯುಷ್ಯ ನಿಂತಿರುವುದು ಆ ಮೂರರಲ್ಲಿ ಯಾವುದನ್ನು ಹಿಡಿಯುತ್ತೀರಿ ಎಂಬುದರ ಮೇಲೆ. ನಮ್ಮ ಜಿಲ್ಲೆಗಳ ಪಟ್ಟಿಯನ್ನೇ ನೋಡಿ. 2014ರಲ್ಲಿ ಗುಲ್ಬರ್ಗ ಕಲಬುರಗಿಯಾಯಿತು. ಹಳೆಯ ಹೆಸರನ್ನು ನಂಬಿದ ಟೆಸ್ಟ್ ಆಯ್ಕೆ ಸಿಗದೆ ಅಲ್ಲೇ ನಿಲ್ಲುತ್ತದೆ. ಅದಾದರೂ ವಾಸಿ, ದೋಷ ತಕ್ಷಣ ಗೊತ್ತಾಗುತ್ತದೆ. 2021ರಲ್ಲಿ ವಿಜಯನಗರ ಹೊಸ ಜಿಲ್ಲೆಯಾಯಿತು. ಅಕಾರಾದಿಯಲ್ಲಿ ಅದು ವಿಜಯಪುರಕ್ಕಿಂತ ಮೊದಲು. ಕ್ರಮಸಂಖ್ಯೆಯಿಂದ ಆರಿಸುವ ಟೆಸ್ಟ್ ಈಗ ವಿಜಯಪುರದ ಬದಲು ವಿಜಯನಗರವನ್ನು, ಹಾವೇರಿಯ ಬದಲು ಶಿವಮೊಗ್ಗವನ್ನು ಆರಿಸಿ, ಏನೂ ಆಗದಂತೆ ‘ಪಾಸ್’ ಎಂದುಬಿಡಬಹುದು. ಇದಕ್ಕಿಂತ ಅಪಾಯಕಾರಿ ಟೆಸ್ಟ್ ಇನ್ನೊಂದಿಲ್ಲ. ಜಿಲ್ಲೆಯ ಕೋಡ್ ವ್ಯಾಲ್ಯೂವಿನಲ್ಲಿದ್ದರೆ ಅದನ್ನೇ ಬಳಸಿ. ಆರಿಸಿದ ಮೇಲೆ ‘ಗೆಟ್‌ಫಸ್ಟ್‌ಸೆಲೆಕ್ಟೆಡ್‌ಆಪ್ಷನ್’ ಕರೆದು, ನಿಜಕ್ಕೂ ಆಯ್ಕೆಯಾಗಿರುವುದು ಯಾವುದೆಂದು ಪರೀಕ್ಷಿಸಿ.

ಸೆಲೆನಿಯಂ 4.5ರಿಂದ, ನಿಷ್ಕ್ರಿಯಗೊಳಿಸಿದ ಆಯ್ಕೆಯನ್ನು ಆರಿಸಲು ಹೋದರೆ ದೋಷ ಬರುತ್ತದೆ. ಇದು ಒಳ್ಳೆಯ ಬದಲಾವಣೆ.

ರಾಜ್ಯ ಆರಿಸಿದ ನಂತರವಷ್ಟೇ ಸರ್ವರ್‌ನಿಂದ ಜಿಲ್ಲೆಗಳು ಬರುವ ಫಾರ್ಮ್‌ಗಳಲ್ಲಿ ಕಾಯುವ ಹೊಣೆ ನಮ್ಮದು. ಇಂತಿಷ್ಟು ಸೆಕೆಂಡು ಎಂದು ‘ಸ್ಲೀಪ್’ ಹಾಕಬೇಡಿ, ಬೇಕಾದ ಆಯ್ಕೆ ಪಟ್ಟಿಯಲ್ಲಿ ಕಾಣಿಸುವವರೆಗೆ ‘ಎಕ್ಸ್‌ಪ್ಲಿಸಿಟ್ ವೇಟ್’ ಇಡಿ. ಸೆಲೆನಿಯಂನಂಥದೇ ಇನ್ನೊಂದು ಸಾಧನವಾದ ಪ್ಲೇರೈಟ್‌ನ ‘ಸೆಲೆಕ್ಟ್‌ಆಪ್ಷನ್’ ತಾನೇ ಕಾಯುತ್ತದೆ. ಇಷ್ಟರ ಮಟ್ಟಿಗೆ ಅದೇ ಮೇಲು ಎನ್ನುತ್ತೇನೆ.

ಇನ್ನೊಂದು ಮಿತಿ: ಸೆಲೆನಿಯಂನ ಈ ಕ್ಲಾಸ್ ಕೆಲಸ ಮಾಡುವುದು ಎಚ್‌ಟಿಎಂಎಲ್‌ನ ‘ಸೆಲೆಕ್ಟ್’ ಟ್ಯಾಗ್‌ನೊಂದಿಗೆ ಮಾತ್ರ. ‘ಡಿವ್’ ಎಂಬ ಸಾಮಾನ್ಯ ಟ್ಯಾಗ್‌ಗಳಿಂದ ಕಟ್ಟಿದ ಡ್ರಾಪ್‌ಡೌನ್ ಕೊಟ್ಟರೆ ‘ಅನ್‌ಎಕ್ಸ್‌ಪೆಕ್ಟೆಡ್‌ಟ್ಯಾಗ್‌ನೇಮ್’ ದೋಷ ಬರುತ್ತದೆ. ಅಲ್ಲಿ ಕ್ಲಿಕ್ ಮಾಡಿ ತೆರೆದು, ಪಟ್ಟಿ ಬರುವವರೆಗೆ ಕಾದು, ಮತ್ತೆ ಕ್ಲಿಕ್ ಮಾಡಬೇಕು. ಪುಟದ ಕೋಡ್ ನೋಡಲು ಹೋದೊಡನೆ ಪಟ್ಟಿ ಮುಚ್ಚಿಕೊಂಡರೆ, ಕ್ರೋಮ್ ಬ್ರೌಸರ್‌ನಲ್ಲೇ ಇರುವ ಡೆವಲಪರ್ ಸಾಧನ ‘ಡೆವ್‌ಟೂಲ್ಸ್’ನ ‘ರೆಂಡರಿಂಗ್’ ವಿಭಾಗದಲ್ಲಿ ಪುಟದ ಫೋಕಸ್ ಉಳಿಸುವ ಆಯ್ಕೆಯನ್ನು ಚಾಲೂ ಮಾಡಿ. ಪುಟದ ವಿನ್ಯಾಸಕ್ಕೆ ಬಳಸುವ ಸಿಎಸ್‌ಎಸ್ ಕ್ಲಾಸ್ ಹೆಸರುಗಳು ಅಪ್ಲಿಕೇಶನ್ನಿನ ಒಂದು ಬಿಲ್ಡ್‌ನಿಂದ ಇನ್ನೊಂದಕ್ಕೆ ಬದಲಾಗುವುದುಂಟು, ಹಾಗಾಗಿ ‘ಲಿಸ್ಟ್‌ಬಾಕ್ಸ್’, ‘ಆಪ್ಷನ್’ ಎಂಬ ಅರಿಯಾ ರೋಲ್‌ಗಳಿಂದ (ಪುಟದ ಯಾವ ಭಾಗ ಏನೆಂದು ಸ್ಕ್ರೀನ್ ರೀಡರ್‌ನಂಥ ನೆರವಿನ ಸಾಧನಗಳಿಗೆ ತಿಳಿಸುವ ಗುರುತುಗಳಿಂದ) ಹುಡುಕಿ. ರೋಲ್‌ಗಳೇ ಇಲ್ಲದಿದ್ದರೆ ಡೆವಲಪರ್‌ಗಳನ್ನು ಕೇಳಿ ಹಾಕಿಸಿ. ಸ್ಕ್ರೀನ್ ರೀಡರ್ ನೆರವಿನಿಂದ ಆ ಫಾರ್ಮ್ ತುಂಬುವವರಿಗೂ ಅವು ಬೇಕು.