ಅರ್ಧ ಲೀಟರ್ ಆಲಿವ್ ಎಣ್ಣೆ, ಮೂರು ತಿಂಗಳು: ನೀರ್ಚಾಲಿನ ಅಡುಗೆಮನೆಯಿಂದ ಒಂದು ವಿಮರ್ಶೆ

2025ರಲ್ಲಿ ತೆಂಗಿನೆಣ್ಣೆಯ ಬೆಲೆ ಲೀಟರಿಗೆ 400 ರೂಪಾಯಿ ದಾಟಿ ಮೇಲೇರತೊಡಗಿದಾಗ, ಇಷ್ಟು ದುಡ್ಡು ಕೊಡುವುದಾದರೆ ಹೃದಯಕ್ಕೆ ಒಳ್ಳೆಯದೆನ್ನುವ ಆಲಿವ್ ಎಣ್ಣೆಯನ್ನೇ ತರಬಹುದಲ್ಲ ಎಂಬ ಮಾತು ನಮ್ಮ ಮನೆಯಲ್ಲೂ ಬಂತು. ನಮ್ಮ ಕಾಸರಗೋಡಿನವರಿಗೆ ಈ ಎಣ್ಣೆ ಹೊಸತಲ್ಲ. ಗಲ್ಫಿನಿಂದ ರಜೆಯಲ್ಲಿ ಬರುವವರ ಪೆಟ್ಟಿಗೆಯಲ್ಲಿ ಖರ್ಜೂರದ ಜೊತೆಗೆ ಇದರ ಡಬ್ಬಿಯೂ ಇರುತ್ತದೆ, ನೆರೆಯ ಮುಸ್ಲಿಂ ಮನೆಗಳಲ್ಲಿ ಜೈತೂನ್ ಎಣ್ಣೆ ಎಂಬ ಹೆಸರೇ ಬಳಕೆಯಲ್ಲಿದೆ. ಆದರೆ ಆ ಡಬ್ಬಿ ಹೆಚ್ಚಾಗಿ ತಲೆಗೂದಲಿಗೋ ಬಾಣಂತಿ ಕೋಣೆಗೋ ಹೋಗುತ್ತಿತ್ತೇ ಹೊರತು ಒಲೆಯ ಬಳಿಗೆ ಬರುತ್ತಿರಲಿಲ್ಲ. ಅಡುಗೆಗೆಂದೇ ಒಂದು ಬಾಟಲಿ ಕೊಂಡು, ಮೂರು ತಿಂಗಳು ಬಳಸಿ, ಕಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಪೇಟೆಯ ಸೂಪರ್ ಮಾರ್ಕೆಟ್ಟಿನಲ್ಲಿ ಒಂದೇ ಸಾಲಿನಲ್ಲಿ ಮೂರು ಬಗೆಯ ಬಾಟಲಿಗಳಿದ್ದವು. ಎಲ್ಲದರ ಮೇಲೂ ಆಲಿವ್ ಕೊಂಬೆಯ ಚಿತ್ರ, ಬೆಲೆಯಲ್ಲಿ ಮಾತ್ರ ಭಾರಿ ಅಂತರ. ಕೊಳ್ಳುವವರು ಎಡವುವುದು ಇಲ್ಲಿಯೇ ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಕ್ಸ್‌ಟ್ರಾ ವರ್ಜಿನ್ ಎಂದರೆ ಹಣ್ಣನ್ನು ಅರೆದು, ರಾಸಾಯನಿಕಗಳ ನೆರವಿಲ್ಲದೆ ಯಂತ್ರದಿಂದ ಮಾತ್ರ ತೆಗೆದ ಎಣ್ಣೆ. ಅದರ ಮುಕ್ತ ಆಮ್ಲತೆ, ಅಂದರೆ ಕೊಬ್ಬು ಒಡೆದು ಬಿಡಿಯಾದ ಆಮ್ಲದ ಪ್ರಮಾಣ, ಶೇಕಡಾ 0.8ನ್ನು ಮೀರಬಾರದು, ಪರಿಣತರು ರುಚಿ ನೋಡಿದಾಗ ಯಾವ ದೋಷವೂ ಕಾಣಬಾರದು. ಕೋಲ್ಡ್ ಎಕ್ಸ್‌ಟ್ರಾಕ್ಷನ್ ಎಂದು ಬರೆದಿದ್ದರೆ ತೆಗೆಯುವಾಗಿನ ಉಷ್ಣತೆ 27 ಡಿಗ್ರಿಯೊಳಗೆ ಇತ್ತೆಂದು ಅರ್ಥ. ಪ್ಯೂರ್ ಅಥವಾ ಲೈಟ್ ಎಂಬ ಹೆಸರಿನದು ಶುದ್ಧೀಕರಣದಲ್ಲಿ ಬಣ್ಣ, ವಾಸನೆ ಕಳೆದುಕೊಂಡ ಎಣ್ಣೆಗೆ ಒಂದಿಷ್ಟು ವರ್ಜಿನ್ ಎಣ್ಣೆ ಬೆರೆಸಿದ್ದು. ಲೈಟ್ ಎಂಬ ಮಾತು ಬಣ್ಣಕ್ಕೂ ರುಚಿಗೂ ಸಂಬಂಧಿಸಿದ್ದು. ಕೊಬ್ಬು ಮೂರರಲ್ಲೂ ಅಷ್ಟೇ. ಮೂರನೆಯದು ಪೊಮೇಸ್, ಅಂದರೆ ಎಣ್ಣೆ ತೆಗೆದು ಉಳಿದ ಹಿಂಡಿಯಿಂದ ದ್ರಾವಕ ಬಳಸಿ ಮತ್ತೆ ಹೊರಡಿಸಿ, ಶುದ್ಧೀಕರಿಸಿದ್ದು. ನಮ್ಮ ಮಿಲ್ಲಿನಲ್ಲಿ ಕೊಬ್ಬರಿಯ ಹಿಂಡಿ ಹಸುವಿಗೆ ಹೋಗುತ್ತದೆ ಎಂಬುದನ್ನು ನೆನೆದರೆ ವ್ಯತ್ಯಾಸ ತಿಳಿಯುತ್ತದೆ. ಪೊಮೇಸ್ ಎಣ್ಣೆ ತಿನ್ನಲಾಗದ ವಸ್ತುವೇನಲ್ಲ. ಆದರೆ ಆಲಿವ್ ಎಣ್ಣೆಯ ಬಗ್ಗೆ ನಾವು ಓದುವ ಹಿರಿಮೆಯನ್ನೆಲ್ಲ ಅದರಲ್ಲಿ ನಿರೀಕ್ಷಿಸುವುದು ತಪ್ಪು.

ನಾನು ತಂದದ್ದು ಸ್ಪೇನಿನಲ್ಲಿ ತುಂಬಿಸಿದ, ಕಡುಹಸಿರು ಗಾಜಿನ ಅರ್ಧ ಲೀಟರಿನ ಎಕ್ಸ್‌ಟ್ರಾ ವರ್ಜಿನ್ ಬಾಟಲಿ. ಕೊಟ್ಟದ್ದು ಏಳುನೂರು ಚಿಲ್ಲರೆ ರೂಪಾಯಿ. ಮನೆಗೆ ಬಂದ ಮೇಲೆ ಒಂದು ಸಂಗತಿ ಬೇಸರ ತರಿಸಿತು. ಆಮದುದಾರರ ಬಿಳಿ ಚೀಟಿಯನ್ನು ಸರಿಯಾಗಿ ಹಣ್ಣು ಕೊಯ್ದ ದಿನಾಂಕದ ಮೇಲೆಯೇ ಅಂಟಿಸಿದ್ದರು. ಬಿಸಿನೀರಿನ ಬಟ್ಟೆಯಿಂದ ಮೆಲ್ಲಗೆ ಎಬ್ಬಿಸಿ ನೋಡಿದಾಗ ಕೊಯ್ಲಾಗಿ ಹದಿನಾಲ್ಕು ತಿಂಗಳು ಕಳೆದಿತ್ತು. ದ್ರಾಕ್ಷಾರಸದಂತೆ ಇಟ್ಟಷ್ಟೂ ಉತ್ತಮವಾಗುವ ಪದಾರ್ಥ ಇದಲ್ಲ. ಬೆಳಕು, ಸೆಕೆ, ಗಾಳಿ ಮೂರೂ ಇದನ್ನು ಕೆಡಿಸುತ್ತವೆ. ಗ್ರಾಹಕರು ಮೊದಲು ನೋಡಬೇಕಾದ ದಿನಾಂಕವನ್ನೇ ಮುಚ್ಚುವುದು ಖಂಡಿತ ಸರಿಯಲ್ಲ.

ಆದರೂ ಎಣ್ಣೆ ಚೆನ್ನಾಗಿಯೇ ಇತ್ತು. ಸಣ್ಣ ಲೋಟಕ್ಕೆ ಒಂದು ಚಮಚ ಹೊಯ್ದು, ಮೇಲೊಂದು ಅಂಗೈ ಮುಚ್ಚಿ, ಇನ್ನೊಂದು ಕೈಯಲ್ಲಿ ಲೋಟವನ್ನು ಹಿಡಿದು ಬೆಚ್ಚಗೆ ಮಾಡಿ ಮೂಸಿದರೆ, ಆಗತಾನೇ ಕತ್ತರಿಸಿದ ಹುಲ್ಲಿನ ವಾಸನೆ, ಹಸಿ ಟೊಮೆಟೊ ಎಲೆಯನ್ನು ಉಜ್ಜಿದಾಗಿನಂಥ ಒಂದು ಘಾಟು. ಬಾಯಿಗೆ ಹಾಕಿಕೊಂಡಾಗ ಮೊದಲು ನಯ, ಆಮೇಲೆ ನಾಲಗೆಯ ಹಿಂಬದಿಯಲ್ಲಿ ಕಹಿ, ನುಂಗಿದ ಕ್ಷಣದಲ್ಲಿ ಗಂಟಲಿನಲ್ಲಿ ಕಾಳುಮೆಣಸಿನ ಉರಿ. ಅಮ್ಮ ಒಮ್ಮೆ ಕೆಮ್ಮಿ, ಎಣ್ಣೆ ಹಳಸಿದೆ ಎಂದರು. ನಿಜವೆಂದರೆ ಆ ಉರಿಯೇ ಒಳ್ಳೆಯ ಗುರುತು. ಓಲಿಯೋಕ್ಯಾಂಥಾಲ್ ಎಂಬ ಸಂಯುಕ್ತದಿಂದ ಅದು ಬರುತ್ತದೆ. ಇದು ಐಬುಪ್ರೊಫೆನ್ ಎಂಬ ನೋವಿನ ಮಾತ್ರೆಯಂತೆಯೇ ಉರಿಯೂತದ ಕಿಣ್ವಗಳನ್ನು ತಡೆಯುತ್ತದೆಂದು 2005ರಲ್ಲಿ ವಿಜ್ಞಾನಿಗಳು ತೋರಿಸಿದರು. ಹಳಸಿದ ಎಣ್ಣೆಗೆ ಈ ಉರಿ ಇರುವುದಿಲ್ಲ; ಹಳೆಯ ಕಡಲೆಕಾಯಿಯ ಕಮಟು ಇರುತ್ತದೆ.

ನಮ್ಮ ಎಣ್ಣೆ ಎಂಬ ಶಬ್ದ ಎಳ್ಳಿನ ನೆಯ್ ಎಂಬುದರಿಂದ ಹುಟ್ಟಿದ್ದು. ಇಂಗ್ಲಿಷಿನ ಆಯಿಲ್ ಎಂಬುದರ ಮೂಲ ಆಲಿವನ್ನು ಸೂಚಿಸುವ ಗ್ರೀಕ್ ಶಬ್ದ. ಒಂದೊಂದು ನಾಡೂ ತನ್ನ ಮೊದಲ ಎಣ್ಣೆಯ ಹೆಸರನ್ನೇ ಎಲ್ಲ ಎಣ್ಣೆಗಳಿಗೂ ಇಟ್ಟಿದೆ ಎಂಬುದು ನನಗೆ ಬಹಳ ಪ್ರಿಯವಾದ ವಿಚಾರ. ಕನ್ನಡ ಬೈಬಲ್ಲಿನಲ್ಲಿಯೂ ಆಲಿವ್ ಮರಗಳ ಬೆಟ್ಟ ಎಣ್ಣೇಮರಗಳ ಗುಡ್ಡವಾಗಿದೆ. ಮೆಡಿಟರೇನಿಯನ್ ಸಮುದ್ರದ ಪೂರ್ವ ತೀರದ ಜನ ಸುಮಾರು 6000 ವರ್ಷಗಳ ಹಿಂದೆಯೇ ಈ ಮರವನ್ನು ಸಾಕಿಕೊಂಡಿದ್ದರು. ಪ್ರಾಚೀನ ಅಥೆನ್ಸಿನ ಪಂದ್ಯಗಳಲ್ಲಿ ಗೆದ್ದವರಿಗೆ ಚಿತ್ರ ಬರೆದ ಕೊಡಗಳ ತುಂಬ ಈ ಎಣ್ಣೆಯೇ ಬಹುಮಾನವಾಗಿತ್ತು. ರೋಮಿನಲ್ಲಿ ಮಾಂಟೆ ಟೆಸ್ಟಾಚೊ ಎಂಬ ಸುಮಾರು 35 ಮೀಟರ್ ಎತ್ತರದ ಗುಡ್ಡವಿದೆ. ಅದು ಮಣ್ಣಿನ ಗುಡ್ಡವಲ್ಲ, ಬಹುಪಾಲು ಸ್ಪೇನಿನಿಂದ ಎಣ್ಣೆ ಹೊತ್ತು ಬಂದ ಜಾಡಿಗಳ ಒಡೆದ ಚೂರುಗಳ ರಾಶಿ. ಎಣ್ಣೆ ಹೀರಿ ಕಮಟಾದ ಜಾಡಿಗಳನ್ನು ಮತ್ತೆ ಬಳಸಲಾಗದೆ ಪ್ರಾಚೀನ ರೋಮನ್ನರು ಒಡೆದು ಒಟ್ಟಿದ್ದರು. ತಿನ್ನಲು ಯೋಗ್ಯವಲ್ಲದ ವರ್ಜಿನ್ ಎಣ್ಣೆಗೆ ಇಂದಿಗೂ ಲಾಂಪಾಂಟೆ, ಅಂದರೆ ದೀಪದ ಎಣ್ಣೆ ಎಂದೇ ಹೆಸರು. ನಮ್ಮ ತೋಟದ ಮಲ್ಲಿಗೆಯೂ ಆಲಿವ್ ಮರವೂ ಒಂದೇ ಸಸ್ಯಕುಟುಂಬಕ್ಕೆ ಸೇರಿದವು ಎಂಬುದನ್ನೂ ಹೇಳಿಬಿಡುತ್ತೇನೆ.

ಇನ್ನು ಅಡುಗೆ. ಸಾಸಿವೆ ಸಿಡಿಸಿ ಒಗ್ಗರಣೆ ಕೊಟ್ಟಾಗ ಎಣ್ಣೆ ಹೊತ್ತಲೂ ಇಲ್ಲ, ಹೊಗೆಯೂ ಏಳಲಿಲ್ಲ; ಆದರೆ ನಾವು ದುಡ್ಡು ಕೊಟ್ಟ ಪರಿಮಳ ಕರಿಬೇವಿನ ಘಮದಲ್ಲಿ ಪೂರ್ತಿ ಅಡಗಿಹೋಯಿತು. ಹಲಸಿನ ಹಪ್ಪಳ ಕರಿಯಲು ಇದನ್ನು ಬಾಣಲೆ ತುಂಬ ಹೊಯ್ಯುವುದು ಶುದ್ಧ ದುಂದು. ಪತ್ರೊಡೆಯ ಮೇಲೆ ಹಾಕಿ ತಿಂದ ದಿನ ಮನೆಯಲ್ಲಿ ಯಾರಿಗೂ ಸಮಾಧಾನವಾಗಲಿಲ್ಲ. ಕೆಸುವಿನೆಲೆಗೆ ತೆಂಗಿನೆಣ್ಣೆಯೇ ಆಗಬೇಕು. ಆದರೆ ಕೆಂಡದಲ್ಲಿ ಸುಟ್ಟ ಬದನೆಕಾಯಿಯ ಸಿಪ್ಪೆ ತೆಗೆದು, ಬೆಳ್ಳುಳ್ಳಿ, ಉಪ್ಪು, ಲಿಂಬೆರಸ ಸೇರಿಸಿ ಕಿವುಚಿ, ಮೇಲೆ ಒಂದು ಚಮಚ ಈ ಎಣ್ಣೆ ಬಿಟ್ಟ ದಿನ ಗೊಜ್ಜಿನ ಪಾತ್ರೆ ಬರಿದಾಯಿತು. ಮುಳ್ಳುಸೌತೆಯ ಕೋಸಂಬರಿಗೂ ಹಾಗೆಯೇ ಹೊಂದಿತು. ಬಿಸಿ ಮಾಡದೆ ಕೊನೆಯಲ್ಲಿ ಬಿಡುವುದೇ ಇದರ ಸರಿಯಾದ ಬಳಕೆ ಎಂಬುದು ನನ್ನ ಅಭಿಪ್ರಾಯ.

ಆರೋಗ್ಯದ ಮಾತಿಗೆ ಗಟ್ಟಿ ಆಧಾರವಿದೆ. ಧನು ಮಾಸದ ಮುಂಜಾನೆ ನಮ್ಮ ತೆಂಗಿನೆಣ್ಣೆ ಬಾಟಲಿಯೊಳಗೆ ಬೆಳ್ಳಗೆ ಹೆಪ್ಪುಗಟ್ಟಿದ್ದರೆ ಪಕ್ಕದಲ್ಲಿದ್ದ ಇದು ತಿಳಿಯಾಗಿಯೇ ಇತ್ತು. ತೆಂಗಿನೆಣ್ಣೆಯಲ್ಲಿ ಶೇಕಡಾ 90ರಷ್ಟು ಸ್ಯಾಚುರೇಟೆಡ್ ಕೊಬ್ಬು; ಆಲಿವಿನಲ್ಲಿ ಶೇಕಡಾ 55ರಿಂದ 83ರಷ್ಟು, ಸ್ಯಾಚುರೇಟೆಡ್ ಅಲ್ಲದ ಓಲಿಯಿಕ್ ಆಮ್ಲವೆಂಬ ಕೊಬ್ಬೇ ಇರುತ್ತದೆ. ಸ್ಪೇನಿನಲ್ಲಿ ಸುಮಾರು 7400 ಮಂದಿಯ ಮೇಲೆ ನಡೆದ ಪ್ರೆಡಿಮೆಡ್ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಜನರನ್ನು ಗುಂಪುಗಳಿಗೆ ಹಂಚಿದ ಕ್ರಮದಲ್ಲಿ ದೋಷ ಕಂಡದ್ದರಿಂದ ಹಿಂತೆಗೆದು, 2018ರಲ್ಲಿ ಮರುವಿಶ್ಲೇಷಿಸಿ ಪ್ರಕಟಿಸಿದರು. ಎರಡೂ ಬಾರಿ, ಎಕ್ಸ್‌ಟ್ರಾ ವರ್ಜಿನ್ ಎಣ್ಣೆಯೊಂದಿಗೆ ಮೆಡಿಟರೇನಿಯನ್ ಪದ್ಧತಿಯ ಊಟ ಮಾಡಿದವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ತೊಂದರೆಗಳು ಶೇಕಡಾ 30ರಷ್ಟು ಕಡಿಮೆ ಕಂಡವು. ಅವರು ಉಂಡದ್ದು ತರಕಾರಿ, ಕಾಳು, ಮೀನುಗಳ ಊಟ ಎಂಬುದನ್ನು ಮರೆಯಬಾರದು. ಒಂದು ದೊಡ್ಡ ಚಮಚ ಎಣ್ಣೆಗೆ ಸುಮಾರು 120 ಕ್ಯಾಲೊರಿ ಇದೆ. ದಿನವೂ ಬಳಸುವ ಎಣ್ಣೆಯ ಪಾಲಿಗೆ ಬದಲಾಗಿ ಬಳಸಿದರೆ ಲಾಭ, ಅದರ ಮೇಲೆ ಹೆಚ್ಚುವರಿಯಾಗಿ ಸುರಿದುಕೊಂಡರೆ ಇಲ್ಲ.

ಮಗುವಿನ ಮೈಗೆ ಹಚ್ಚಲು ಮಾತ್ರ ನಾನು ಇದನ್ನು ಒಪ್ಪುವುದಿಲ್ಲ. ಓಲಿಯಿಕ್ ಆಮ್ಲ ಚರ್ಮದ ಹೊರಪದರದ ತಡೆಯನ್ನು ಸಡಿಲಿಸುತ್ತದೆ. ಎಳೆಯ ಕೂಸಿಗೆ ನಮ್ಮ ತೆಂಗಿನೆಣ್ಣೆಯೇ ಇರಲಿ.

ಒಲೆಯಿಂದ ದೂರ, ಬಾಗಿಲಿರುವ ಕಪಾಟಿನಲ್ಲಿ ಇಟ್ಟರೂ ಮೂರನೆಯ ತಿಂಗಳ ಹೊತ್ತಿಗೆ ಗಂಟಲಿನ ಉರಿ ಬಹಳ ಇಳಿದಿತ್ತು. ಹಾಗಾಗಿ ಮುಂದಿನ ಸಲ 250 ಮಿಲಿಲೀಟರಿನ ಸಣ್ಣ ಬಾಟಲಿಯನ್ನೇ ಕೊಳ್ಳುತ್ತೇನೆ, ಅದೂ ಬಿಸಿಲು ಬೀಳುವ ಕಿಟಕಿಯ ಬಳಿ ಜೋಡಿಸಿಟ್ಟದ್ದನ್ನಲ್ಲ, ಒಳಗಿನ ಸಾಲಿನದನ್ನು. ಒಗ್ಗರಣೆಗೂ ಕರಿಯಲಿಕ್ಕೂ ಎಂದಿನಂತೆ ಮಿಲ್ಲಿನ ತೆಂಗಿನೆಣ್ಣೆಯೇ ಬರುತ್ತದೆ, ಮೊದಲಿಗಿಂತ ಸ್ವಲ್ಪ ಕಡಿಮೆ ಅಳತೆಯಲ್ಲಿ.