ವಯಸ್ಸಾದವರ ಒಣ ಮೈಗೆ: ಕೊಬ್ಬರಿ ಎಣ್ಣೆಯೋ, ಪೆಟ್ರೋಲಿಯಂ ಜೆಲ್ಲಿಯೋ?

ಚಿತ್ರದುರ್ಗದ ಒಣ ಗಾಳಿ, ಗಡಸು ಬೋರ್‌ವೆಲ್ ನೀರು. ಅಜ್ಜ ಅಜ್ಜಿಯರ ಮೈ ಬೇಗ ಬಿರಿಯುತ್ತದೆ. ಏನು ಹಚ್ಚೋದು?

ಕೊಬ್ಬರಿ ಎಣ್ಣೆ ಮನೆಯಲ್ಲೇ ಇರುತ್ತದೆ, ಸಲೀಸಾಗಿ ಹರಡುತ್ತದೆ. ಆದರೆ ಸ್ನಾನಕ್ಕೆ ಮೊದಲು ಬಚ್ಚಲಲ್ಲೇ ಹಚ್ಚಿದರೆ ಕಾಲು ಜಾರುವ ಭಯ ಜಾಸ್ತಿ. ಬಿದ್ದು ಸೊಂಟ ಮುರಿದರೆ ಚರ್ಮದ ಚಿಂತೆ ಯಾರಿಗೆ? ಸೋಪು ಹಾಕಿ ಉಜ್ಜಿದರೆ ಆ ಎಣ್ಣೆಯೂ ಸುಮ್ನೆ ದಂಡ.

ಪೆಟ್ರೋಲಿಯಂ ಜೆಲ್ಲಿ ಅಂಟಂಟು, ಬೇಸಿಗೆಯಲ್ಲಿ ಕಿರಿಕಿರಿ. ಆದರೂ ಚರ್ಮದ ನೀರಿನಂಶ ಹಿಡಿದಿಡುವುದರಲ್ಲಿ ಇದೇ ಮೇಲು. ಒರಟಾದ ಹಿಮ್ಮಡಿಗೆ, ಮೊಣಕಾಲಿನ ಕೆಳಗೆ ನನ್ನ ಆಯ್ಕೆ ಇದು. ಉಳಿದ ಮೈಗೆ ಎಣ್ಣೆ ಸಾಕು.

ಯಾವುದಾದರೂ ಸರಿ, ಉಗುರುಬೆಚ್ಚಗಿನ ನೀರಲ್ಲಿ ಸ್ನಾನ ಮುಗಿಸಿ, ಮೈ ತುಸು ಹಸಿಯಿರುವಾಗಲೇ ಹಚ್ಚಿ. ಕಾಲ್ಬೆರಳ ಸಂದಿಗೆ ಬೇಡ, ತೇವ ನಿಂತರೆ ಫಂಗಸ್ ಬರುತ್ತದೆ. ಸಕ್ಕರೆ ಕಾಯಿಲೆಯವರ ಹಿಮ್ಮಡಿ ಆಳವಾಗಿ ಒಡೆದಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ.