ಶಿರಸಿಯ ಭಾನುವಾರದ ಕಾನೂನು ತರಗತಿ: 600 ರೂಪಾಯಿಗೆ ಸಿಕ್ಕಿದ್ದೇನು?

ಶಿರಸಿಯ ಬಿಡಕಿಬೈಲಿನ ಸಮೀಪ ಅಡಿಕೆ ವಖಾರಿಯೊಂದರ ಮಹಡಿಯಲ್ಲಿ ಮೂವರು ವಕೀಲರು ಸೇರಿ ಈ ಮಳೆಗಾಲದಲ್ಲಿ ಮೂರು ಭಾನುವಾರಗಳ ತರಗತಿಯೊಂದನ್ನು ನಡೆಸಿದರು. ಪೊಲೀಸರು ಯಾವಾಗ ಗುಂಡು ಹಾರಿಸಬಹುದು, ಹಾಗೆ ಹಾರಿಸಿದ ಗುಂಡಿಗೆ ಯಾರಾದರೂ ಸತ್ತರೆ ಮುಂದೆ ಏನೇನು ನಡೆಯಬೇಕು ಎಂಬುದು ವಿಷಯ. ಶುಲ್ಕ 600 ರೂಪಾಯಿ. 32 ಪುಟಗಳ ಟಿಪ್ಪಣಿ ಪುಸ್ತಿಕೆ, ಹನ್ನೊಂದು ಗಂಟೆಗೆ ಕಷಾಯ ಮತ್ತು ಒಗ್ಗರಣೆ ಅವಲಕ್ಕಿ ಅದರಲ್ಲೇ ಸೇರಿದ್ದವು.

ನಾನು ಹೆಸರು ಕೊಡಲು ಕಾರಣ ಒಂದು ಉಪನಯನದ ಊಟದ ಪಂಕ್ತಿ. 2025ರ ಏಪ್ರಿಲ್ 13ರಂದು ಹುಬ್ಬಳ್ಳಿಯಲ್ಲಿ ಐದು ವರ್ಷದ ಬಾಲಕಿಯ ಕೊಲೆಯಾಗಿ, ಅದೇ ದಿನ ಆರೋಪಿ ಪೊಲೀಸರ ಗುಂಡಿಗೆ ಸತ್ತಿದ್ದ. ಎಡಕ್ಕೆ ಕುಳಿತ ಭಾವ “ಸಮಾ ಆತು, ಹಂಗೇ ಆಗಕ್ಕು” ಎಂದರೆ, ಬಲಕ್ಕೆ ಕುಳಿತ ಮಾಸ್ತರರು ಹಾಗಾದರೆ ನ್ಯಾಯಾಲಯ ಯಾಕೆ ಬೇಕು ಎಂದು ಕೇಳಿದರು. ಪಾಯಸ ಬರುವ ಹೊತ್ತಿಗೆ ಇಬ್ಬರೂ ಮಾತು ಬಿಟ್ಟಿದ್ದರು. ನಡುವೆ ಕುಳಿತಿದ್ದ ನನಗೆ ಯಾವ ಕಡೆಗೂ ಹೇಳಲು ಗಟ್ಟಿಯಾದ ಒಂದು ವಾಕ್ಯ ಇರಲಿಲ್ಲ.

ಮೊದಲ ಭಾನುವಾರದ ಪಾಠ ಉತ್ತಮವಾಗಿತ್ತು. ‘ಎನ್‌ಕೌಂಟರ್’ ಎನ್ನುವ ಅಧಿಕಾರವನ್ನು ನಮ್ಮ ಯಾವ ದಂಡ ಸಂಹಿತೆಯೂ ಪೊಲೀಸರಿಗೆ ಕೊಟ್ಟಿಲ್ಲ ಎಂಬಲ್ಲಿಂದ ಹಿರಿಯ ವಕೀಲರು ಆರಂಭಿಸಿದರು. ಬಂಧನಕ್ಕೆ ಪ್ರತಿರೋಧ ಒಡ್ಡುವವನನ್ನು ಹಿಡಿಯಲು ಅಗತ್ಯವಾದ ಎಲ್ಲ ಕ್ರಮಗಳನ್ನು ಪೊಲೀಸರು ಬಳಸಬಹುದು. ಆದರೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧದ ಆರೋಪವಿಲ್ಲದವನನ್ನು ಕೊಲ್ಲುವ ಹಕ್ಕು ಇದರಿಂದ ಹುಟ್ಟುವುದಿಲ್ಲ ಎಂದು, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಕಲಮು ಹೇಳುತ್ತದೆ. ಹಾಗಾದರೆ ಅಂಥ ಆರೋಪ ಇರುವವನನ್ನು ಕೊಲ್ಲಬಹುದೇ ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು. ಎಲ್ಲರೂ ಕೇಳಬೇಕಾಗಿದ್ದ ಪ್ರಶ್ನೆಯೇ ಅದು. ಆರೋಪ ಎಷ್ಟೇ ದೊಡ್ಡದಿರಲಿ, ಹಿಡಿಯಲು ಅಷ್ಟು ಬಲ ಅಗತ್ಯವಿತ್ತೇ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ, ಶಿಕ್ಷೆ ಕೊಡುವ ಅಧಿಕಾರ ಮಾತ್ರ ಠಾಣೆಗೆ ಎಂದೂ ಬರುವುದಿಲ್ಲ ಎಂದು ಅವರು ಉತ್ತರಿಸಿದರು. ಆತ್ಮರಕ್ಷಣೆಯ ಹಕ್ಕು ಪೊಲೀಸನಿಗೂ ನನಗೂ ಒಂದೇ. ಅಪಾಯದ ಭಯ ಇರುವಷ್ಟು ಹೊತ್ತು ಮಾತ್ರ ಅದು ಇರುತ್ತದೆ, ರಕ್ಷಣೆಗೆ ಬೇಕಾದಷ್ಟು ಹಾನಿಗೆ ಮಾತ್ರ ಅವಕಾಶ ಕೊಡುತ್ತದೆ.

ದೋಷವಿದ್ದದ್ದು ಪುಸ್ತಿಕೆಯಲ್ಲಿ. 2024ರ ಜುಲೈ 1ರಿಂದ ಹೊಸ ಸಂಹಿತೆಗಳು ಜಾರಿಯಲ್ಲಿವೆ. ಪುಸ್ತಿಕೆಯ ಅರ್ಧ ಭಾಗದಲ್ಲಿ ಹೊಸ ಸಂಖ್ಯೆಗಳಿವೆ, ಉಳಿದರ್ಧದಲ್ಲಿ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯವೇ ಉಳಿದಿವೆ. ‘176ರ ಅಡಿ ಮ್ಯಾಜಿಸ್ಟ್ರೇಟ್ ವಿಚಾರಣೆ’ ಎಂದು ಅಚ್ಚಾಗಿರುವುದನ್ನು ನಂಬಿ ಹೊಸ ಸಂಹಿತೆಯ 176 ತೆರೆದರೆ ಅಲ್ಲಿ ಕಾಣುವುದು ಪೊಲೀಸ್ ತನಿಖೆಯ ಕ್ರಮ. ಇಂಥ ಸಾವಿನ ಕಾರಣ ಹುಡುಕುವ ಮ್ಯಾಜಿಸ್ಟ್ರೇಟ್ ವಿಚಾರಣೆ ಈಗ 196ರಲ್ಲಿದೆ. ಪೊಲೀಸರ ತನಿಖೆ ಬೇರೆ, ಮ್ಯಾಜಿಸ್ಟ್ರೇಟರ ವಿಚಾರಣೆ ಬೇರೆ ಎಂಬುದೇ ಈ ತರಗತಿಯ ತಿರುಳಾಗಿರುವಾಗ ಇಂಥ ತಪ್ಪನ್ನು ಅಚ್ಚಿನ ದೋಷವೆಂದು ಬಿಡಲಾಗದು. ಹೇಳಿದ ಮೇಲೆ ಅವರು ಬಿಳಿ ಹಲಗೆಯ ಮೇಲೆ ತಿದ್ದಿದರೇನೋ ನಿಜ, ಪುಸ್ತಿಕೆಯನ್ನು ನಾವೇ ಪೆನ್ನಿನಲ್ಲಿ ತಿದ್ದಿಕೊಂಡೆವು.

ಎರಡನೆಯ ಭಾನುವಾರಕ್ಕಾಗಿಯೇ ಶುಲ್ಕವನ್ನು ಪೂರ್ತಿ ಕೊಡಬಹುದು. ಅಂದಿನ ವಿಷಯ ಸುಪ್ರೀಂ ಕೋರ್ಟ್ 2014ರ ಸೆಪ್ಟೆಂಬರ್‌ನಲ್ಲಿ ನಾಗರಿಕ ಹಕ್ಕುಗಳ ಸಂಘಟನೆಯಾದ ಪಿಯುಸಿಎಲ್ ಮಹಾರಾಷ್ಟ್ರ ಸರ್ಕಾರದ ವಿರುದ್ಧ ಹೂಡಿದ್ದ ಪ್ರಕರಣದಲ್ಲಿ ಕೊಟ್ಟ 16 ನಿರ್ದೇಶನಗಳು. 1995ರಿಂದ 1997ರವರೆಗೆ ಮುಂಬೈ ಪೊಲೀಸರ 99 ಎನ್‌ಕೌಂಟರುಗಳಲ್ಲಿ ಸುಮಾರು 135 ಜನ ಸತ್ತದ್ದು ಆ ಪ್ರಕರಣದ ಹಿನ್ನೆಲೆ. ಆ ತೀರ್ಪಿಗೂ ಮೊದಲು, 1997ರ ಮಾರ್ಚ್‌ನಲ್ಲೇ, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷರಾಗಿದ್ದ ನಮ್ಮ ನಾಡಿನ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರು ಇಂಥ ಸಾವುಗಳನ್ನು ಹೇಗೆ ತನಿಖೆ ಮಾಡಬೇಕೆಂದು ಮುಖ್ಯಮಂತ್ರಿಗಳಿಗೆ ಪತ್ರ ಬರೆದಿದ್ದರು. ಈ ಹಿನ್ನೆಲೆಯನ್ನು ಹತ್ತೇ ನಿಮಿಷದಲ್ಲಿ ಮುಗಿಸಿ, ಉಳಿದ ಹೊತ್ತನ್ನು ಕಾಗದಪತ್ರಗಳಿಗೆ ಕೊಟ್ಟರು. ಸುಳಿವು ಸಿಕ್ಕಿದ್ದು ಬರಹದಲ್ಲಿ ದಾಖಲಾಗಿದೆಯೇ, ಎಫ್‌ಐಆರ್ ಆಗಿ ನ್ಯಾಯಾಲಯಕ್ಕೆ ಹೋಗಿದೆಯೇ, ತನಿಖೆ ಸಿಐಡಿ ಅಥವಾ ಬೇರೆ ಠಾಣೆಯ ತಂಡದ ಕೈಯಲ್ಲಿದೆಯೇ, ಗುಂಡು ಹಾರಿಸಿದ ಆಯುಧ ಪರೀಕ್ಷೆಗೆ ಒಪ್ಪಿಸಲಾಗಿದೆಯೇ, ಶವಪರೀಕ್ಷೆಯನ್ನು ಇಬ್ಬರು ವೈದ್ಯರು ನಡೆಸಿ ಚಿತ್ರೀಕರಿಸಿದ್ದಾರೆಯೇ, ಶೌರ್ಯ ಸಂಶಯಾತೀತವಾಗಿ ಸಿದ್ಧವಾಗುವ ಮೊದಲೇ ಪದಕವನ್ನೋ ಬಡ್ತಿಯನ್ನೋ ಘೋಷಿಸಲಾಗಿದೆಯೇ ಎಂದು ಒಂದೊಂದನ್ನೂ ಕೇಳುತ್ತ ಹೋಗುವುದನ್ನು ಕಲಿಸಿದರು. ಹುಬ್ಬಳ್ಳಿಯ ಪ್ರಕರಣವನ್ನೂ ಇದೇ ಪಟ್ಟಿಗೆ ಹಿಡಿದು ನೋಡಿದೆವು. ತನಿಖೆ ಸಿಐಡಿಗೆ ಹೋಗಿತ್ತು, ವಿಷಯ ಹೈಕೋರ್ಟಿನ ಮುಂದೂ ಬಂದಿತ್ತು. ಭಾವನಿಗೂ ಮಾಸ್ತರರಿಗೂ ಇದು ಗೊತ್ತಿರಲಿಲ್ಲ, ನನಗೂ ಇರಲಿಲ್ಲ.

ಆ ದಿನ ಮಾಡಿಸಿದ ಒಂದು ಅಭ್ಯಾಸವನ್ನು ವಿಶೇಷವಾಗಿ ಹೇಳಬೇಕು. ಹೆಸರುಗಳಿಗೆ ಕಪ್ಪು ಬಳಿದ ಐದಾರು ಪತ್ರಿಕಾ ವರದಿಗಳ ಜೆರಾಕ್ಸ್ ಹಂಚಿ, ಗುಂಡಿನ ಮಾತು ಬರುವ ವಾಕ್ಯಗಳಿಗೆ ಗೆರೆ ಎಳೆಯಲು ಹೇಳಿದರು. ಆರೋಪಿಯ ಸಾಲುಗಳಲ್ಲಿ ಕರ್ತೃ ಎಲ್ಲೂ ತಪ್ಪಿರಲಿಲ್ಲ: ಆತ ಕಲ್ಲು ತೂರಿದ, ಆತ ಚಾಕು ಬೀಸಿದ, ಆತ ಪರಾರಿಯಾಗಲು ಯತ್ನಿಸಿದ. ಗುಂಡಿನ ಸಾಲಿಗೆ ಬರುತ್ತಿದ್ದಂತೆ ವ್ಯಾಕರಣ ಬದಲಾಗಿ, ‘ಕಾಲಿಗೆ ಗುಂಡೇಟು ತಗುಲಿದೆ’ ಎಂದಾಗುತ್ತಿತ್ತು. ನಾಲ್ಕು ವರದಿಗಳಲ್ಲಿ ‘ಸ್ಥಳ ಮಹಜರಿಗೆ ಕರೆದೊಯ್ದಾಗ’ ಎಂಬ ಪದಗುಚ್ಛ ಅಕ್ಷರವೂ ವ್ಯತ್ಯಾಸವಾಗದೆ ಬಂದಿತ್ತು. ಇದರಿಂದ ಆ ನಾಲ್ಕೂ ಸುಳ್ಳೆಂದು ಸಿದ್ಧವಾಗುವುದಿಲ್ಲ ಎಂದು ಕಿರಿಯ ವಕೀಲೆ ಎಚ್ಚರಿಸಿದರು. ವರದಿಗಾರನ ಕೈಯಲ್ಲಿ ಇದ್ದದ್ದು ಒಂದೇ ಕಡೆಯ ಹೇಳಿಕೆ ಎಂದು ಮಾತ್ರ ಇದರಿಂದ ತಿಳಿಯುತ್ತದೆ.

ನಂತರ ಹೈದರಾಬಾದಿನ ಪ್ರಕರಣ ಬಂತು. ಪಶುವೈದ್ಯೆಯ ಅತ್ಯಾಚಾರ ಮತ್ತು ಕೊಲೆಯ ನಾಲ್ವರು ಆರೋಪಿಗಳು 2019ರ ಡಿಸೆಂಬರ್ 6ರ ಬೆಳಗಿನ ಜಾವ ಪೊಲೀಸರ ಗುಂಡಿಗೆ ಸತ್ತಾಗ ಜನ ಪೊಲೀಸರ ಮೇಲೆ ಹೂವಿನ ಎಸಳು ಚೆಲ್ಲಿದ್ದರು. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿತ್ತು, ಸತ್ತವರಲ್ಲಿ ಮೂವರು ಅಪ್ರಾಪ್ತರು, 10 ಪೊಲೀಸರನ್ನು ವಿಚಾರಣೆಗೆ ಒಳಪಡಿಸಬೇಕು ಎಂಬ, ಸುಪ್ರೀಂ ಕೋರ್ಟ್ ನೇಮಿಸಿದ್ದ ಸಿರ್ಪುರ್ಕರ್ ವಿಚಾರಣಾ ಆಯೋಗದ ವರದಿ ಬಹಿರಂಗವಾದದ್ದು 2022ರ ಮೇ ತಿಂಗಳಲ್ಲಿ. ಇಷ್ಟು ಕೇಳಿ ಕೊಠಡಿ ಸ್ತಬ್ಧವಾಗಿದ್ದಾಗ ಮೂಲೆಯಲ್ಲಿ ಕುಳಿತಿದ್ದ ನಿವೃತ್ತ ಹವಾಲ್ದಾರರೊಬ್ಬರು ಎದ್ದು ನಿಂತರು. “ವಕೀಲರೇ, ನೀವು ಹೇಳಿದ್ದೆಲ್ಲ ಸರಿ. ಆದರೆ ಹುಡುಗಿ ಸತ್ತ ದಿನ ಠಾಣೆಯ ಗೇಟಿನ ಹೊರಗೆ ಸಾವಿರ ಜನ ನಿಂತು ‘ಅವನನ್ನು ನಮಗೆ ಕೊಡಿ’ ಅಂತ ಕೂಗುವಾಗ ಗೇಟಿನ ಒಳಗೆ ನಿಂತವರು ನಾವು. ಮರುದಿನ ಅದೇ ಜನ ಹಾರ ತಂದರೆ ಬೇಡ ಅನ್ನುವ ಧೈರ್ಯ ಎಲ್ಲರಿಗೂ ಇರುವುದಿಲ್ಲ” ಎಂದರು. ಇಡೀ ಸೇವಾವಧಿಯಲ್ಲಿ ವಾರ್ಷಿಕ ಅಭ್ಯಾಸದ ಹೊರತು ತಾವು ಒಂದು ಗುಂಡನ್ನೂ ಹಾರಿಸಿಲ್ಲ ಎಂದೂ ಸೇರಿಸಿದರು. ಮೂರು ವಾರಗಳಲ್ಲಿ ಪೊಲೀಸರ ಕಡೆಯಿಂದ ಕೇಳಿಬಂದ ಮಾತು ಇದೊಂದೇ, ಅದೂ ಶುಲ್ಕ ಕೊಟ್ಟು ಬಂದವರಿಂದ. ಸೇವೆಯಲ್ಲಿರುವ ಒಬ್ಬ ಅಧಿಕಾರಿಯನ್ನಾದರೂ ಕರೆಸಬೇಕಿತ್ತು ಎಂಬ ನನ್ನ ದೂರನ್ನು ಸಂಘಟಕರು ಒಪ್ಪಿಕೊಂಡಿದ್ದಾರೆ.

ಮೂರನೆಯ ಭಾನುವಾರ ಸಪ್ಪೆಯಾಗಿತ್ತು. ಅಮೆರಿಕದ ಚರ್ಚೆಗೆ ಒಂದೂವರೆ ಗಂಟೆ ಹೋಯಿತು. ಓಡಿಹೋಗುತ್ತಿದ್ದಾನೆ ಎಂಬ ಒಂದೇ ಕಾರಣಕ್ಕೆ ನಿರಾಯುಧನನ್ನು ಗುಂಡಿಟ್ಟು ಕೊಲ್ಲುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1985ರಲ್ಲಿ ಹೇಳಿದ್ದು, 2020ರ ಮೇ ತಿಂಗಳಲ್ಲಿ ಮಿನಿಯಾಪೊಲಿಸ್‌ನಲ್ಲಿ ಪೊಲೀಸರ ಹಿಡಿತದಲ್ಲಿ ಆದ ಜಾರ್ಜ್ ಫ್ಲಾಯ್ಡ್ ಸಾವು, ಇವನ್ನು ತಿಳಿದುಕೊಳ್ಳುವುದು ಒಳ್ಳೆಯದೇ. ಆದರೆ ನಮ್ಮ ಪತ್ರಿಕೆಗಳಲ್ಲಿ ಪದೇ ಪದೇ ಓದುವ ‘ಕಾಲಿಗೆ ಗುಂಡು’ ಪ್ರಕರಣಗಳಿಗೆ ಉಳಿದದ್ದು ಐದೇ ನಿಮಿಷ. ಆ 16 ನಿರ್ದೇಶನಗಳು ಸಾಧ್ಯವಾದ ಮಟ್ಟಿಗೆ ತೀವ್ರ ಗಾಯದ ಪ್ರಕರಣಗಳಿಗೂ ಅನ್ವಯಿಸುತ್ತವೆ ಎಂದು ತೀರ್ಪಿನಲ್ಲೇ ಇದೆ. ಸಾವಿಲ್ಲದ ಕಾರಣ ಚರ್ಚೆಯೂ ಇಲ್ಲದೆ ಹೋಗುವ ಈ ಗುಂಡುಗಳ ಬಗ್ಗೆ ಒಂದು ಪೂರ್ತಿ ಭಾನುವಾರ ಕೊಡಬಹುದಿತ್ತು. ಸಾಲದ್ದಕ್ಕೆ ಅಂದು ಕರೆಂಟು ಹೋಗಿ ಪರದೆ ಕತ್ತಲಾಯಿತು. ತಗಡಿನ ಮಾಡಿನ ಮೇಲೆ ಬೀಳುತ್ತಿದ್ದ ಆಷಾಢದ ಮಳೆಯ ಸದ್ದಿನಲ್ಲಿ ಹಿಂದಿನ ಎರಡು ಸಾಲಿನವರಿಗೆ ಏನೂ ಕೇಳಿಸಲಿಲ್ಲ.

ವಖಾರಿಯ ಮೆಟ್ಟಿಲು ಕಡಿದಾಗಿದೆ, ಮಂಡಿನೋವಿನವರು ಯೋಚಿಸಿ ಹತ್ತಬೇಕು. ಕಷಾಯಕ್ಕೆ ಹೆಸರಿಡುವಂತಿಲ್ಲ. ದೀಪಾವಳಿಯ ನಂತರ ಇದೇ ತರಗತಿಯನ್ನು ಕುಮಟಾದಲ್ಲಿ ನಡೆಸುತ್ತಾರಂತೆ. ಹೋಗುವವರು ಹೊಸ ಸಂಹಿತೆಯ ಪ್ರತಿಯೊಂದನ್ನು ಜೊತೆಗೆ ಒಯ್ಯಿರಿ, ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಿ, ಹಣ ಕೊಡುವ ಮೊದಲೇ ಪುಸ್ತಿಕೆಯಲ್ಲಿ 176 ಇದ್ದಲ್ಲಿ 196 ಆಗಿದೆಯೇ ಎಂದು ನೋಡಿಕೊಳ್ಳಿ. ಹವಾಲ್ದಾರರು ಅಲ್ಲಿಗೂ ಬರುವುದಾಗಿ ಹೇಳಿದ್ದಾರೆ. ಈ ಬಾರಿಯಾದರೂ ಅವರಿಂದ ಶುಲ್ಕ ತೆಗೆದುಕೊಳ್ಳದೆ, ಮಾತನಾಡಲು ಅರ್ಧ ಗಂಟೆ ಕೊಟ್ಟರೆ ಒಳ್ಳೆಯದು.